ಮೂರು ದಿನ, ಮೂರು ಡಬ್ಬಿ: ನಮ್ಮೂರ ಲ್ಯಾಬಿನಲ್ಲಿ ಮಲ ಪರೀಕ್ಷೆ

ಏಳು ವರ್ಷದ ನನ್ನ ಮಗಳನ್ನು ಆರು ವಾರಗಳಿಂದ ಭೇದಿ ಬಿಟ್ಟೂ ಬಿಡದೆ ಕಾಡುತ್ತಿತ್ತು. ಉಂಡ ಅರ್ಧ ಗಂಟೆಗೆ ಹೊಟ್ಟೆ ಉಬ್ಬಿಕೊಳ್ಳುತ್ತಿತ್ತು. ಮಲವು ಜಿಡ್ಡುಜಿಡ್ಡಾಗಿ, ತಡೆಯಲಾರದ ವಾಸನೆಯಿಂದ ಕೂಡಿ, ನೀರಿನ ಮೇಲೆ ತೇಲುತ್ತಿತ್ತು. ಮನೆಗೇ ಬಂದು ಸ್ಯಾಂಪಲ್ ಒಯ್ಯುವ ಸಂಸ್ಥೆಯೊಂದು ಒಂದೇ ಡಬ್ಬಿಯನ್ನು ಪರೀಕ್ಷಿಸಿ, ಪರೋಪಜೀವಿ ಕಂಡುಬಂದಿಲ್ಲವೆಂದು ವರದಿ ಕೊಟ್ಟಿತ್ತು. ಬೆಳಿಗ್ಗೆ 7 ಗಂಟೆಗೆ ಒಯ್ದ ಆ ಡಬ್ಬಿ ಅವರ ಪ್ರಯೋಗಾಲಯ ಸೇರಿದ್ದು ಮಧ್ಯಾಹ್ನ. ಮಕ್ಕಳ ವೈದ್ಯರು ಆ ವರದಿಯನ್ನು ನೆಚ್ಚದೆ ನಮ್ಮನ್ನು ಬಸ್ ನಿಲ್ದಾಣದ ಹಿಂದಿನ ಈ ಚಿಕ್ಕ ಲ್ಯಾಬಿಗೆ ಕಳಿಸಿದರು.

ಇಲ್ಲಿನ ತಂತ್ರಜ್ಞೆ ಡಬ್ಬಿ ಕೊಡುವ ಮೊದಲೇ, ಮಗು ಈಚೆಗೆ ಆಂಟಿಬಯೋಟಿಕ್ ತೆಗೆದುಕೊಂಡಿದೆಯೇ ಎಂದು ವಿಚಾರಿಸಿದರು. ಮಲಕ್ಕೆ ಮೂತ್ರ ಬೆರೆಯಬಾರದು, ದಿನ ಬಿಟ್ಟು ದಿನ ಒಟ್ಟು ಮೂರು ಸ್ಯಾಂಪಲ್ ಬೇಕು, ನೀರಾಗಿ ಹೋದರೆ ಅರ್ಧ ಗಂಟೆಯೊಳಗೆ ತಲುಪಿಸಬೇಕು ಎಂದು ಕನ್ನಡದಲ್ಲಿ ಅಚ್ಚುಮಾಡಿಸಿದ ಚೀಟಿಯನ್ನು ಕೊಟ್ಟು, ಕಾರಣವನ್ನೂ ವಿವರಿಸಿದರು. ಇಂಥ ಭೇದಿ ತರುವ ಜಿಯಾರ್ಡಿಯಾ ಎಂಬ ಏಕಕೋಶ ಪರೋಪಜೀವಿಯ ಕೋಶಗಳು (ಸಿಸ್ಟ್, ಅಂದರೆ ಗಟ್ಟಿ ಹೊದಿಕೆಯೊಳಗಿನ ಸುಪ್ತ ರೂಪ) ಪ್ರತಿದಿನವೂ ಮಲದಲ್ಲಿ ಬೀಳುವುದಿಲ್ಲವಾದ್ದರಿಂದ ಒಂದು ದಿನದ ಪರೀಕ್ಷೆಯಲ್ಲಿ ಸೋಂಕು ತಪ್ಪಿಹೋಗುವುದುಂಟು. ಸಣ್ಣ ಕರುಳಿನ ಗೋಡೆಗೆ ಅಂಟಿ ಬದುಕುವ, ಈಜಾಡುವ ರೂಪವಂತೂ ಮಲ ಹಳತಾದರೆ ಸತ್ತು ಗುರುತೇ ಸಿಗದಂತಾಗುತ್ತದೆ.

ಮೊದಲ ಎರಡು ಸ್ಯಾಂಪಲ್‌ಗಳಲ್ಲಿ ಏನೂ ಸಿಗಲಿಲ್ಲ. ಮೂರನೆಯದರಲ್ಲಿ ಸಿಕ್ಕಿತು, ಮತ್ತು ಅವರು ನನ್ನನ್ನು ಒಳಗೆ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಅಯೋಡಿನ್ ಹೀರಿ ಹಳದಿ-ಕಂದಾದ ಮೊಟ್ಟೆಯಾಕಾರದ ಕೋಶ, ಉದ್ದ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಒಳಗೆ ಚುಕ್ಕೆಯಿಟ್ಟಂತೆ ನಾಲ್ಕು ನ್ಯೂಕ್ಲಿಯಸ್‌ಗಳು. ಆರು ವಾರ ನನ್ನ ಮಗುವನ್ನು ಹಿಂಡಿ ಹಿಪ್ಪೆ ಮಾಡಿದ್ದು ಇಷ್ಟು ಸಣ್ಣ ಜೀವಿಯೆಂದು ನಂಬಲು ಕಷ್ಟವಾಯಿತು. ವೈದ್ಯರು ಅಂದೇ ಔಷಧಿ ಆರಂಭಿಸಿದರು. ಹತ್ತು ದಿನಗಳಲ್ಲಿ ಅವಳು ತಾನಾಗಿಯೇ ಊಟ ಕೇಳುವಂತಾದಳು.

ಕೊರತೆಯನ್ನೂ ಹೇಳಬೇಕು. ಇಲ್ಲಿ ರೋಗಾಣುವಿನದೇ ಪ್ರೋಟೀನನ್ನು ಮಲದಲ್ಲಿ ಗುರುತಿಸುವ ಆಂಟಿಜನ್ ಪರೀಕ್ಷೆಯ ಸೌಲಭ್ಯವಿಲ್ಲ. ಅಮೀಬಾ ಸೋಂಕಿನಲ್ಲಿ ಅದು ಮುಖ್ಯ, ಏಕೆಂದರೆ ಕಾಯಿಲೆ ತರುವ ಎಂಟಮೀಬಾ ಹಿಸ್ಟಾಲಿಟಿಕಾ ಮತ್ತು ನಿರುಪದ್ರವಿಯಾದ ಎಂಟಮೀಬಾ ಡಿಸ್ಪಾರ್, ಇವೆರಡರ ಕೋಶಗಳೂ ಸೂಕ್ಷ್ಮದರ್ಶಕದಡಿ ಒಂದೇ ರೀತಿ ಕಾಣುತ್ತವೆ. ಅಂಥ ಅನುಮಾನ ಬಂದಾಗ ಸ್ಯಾಂಪಲನ್ನು ದೊಡ್ಡ ಆಸ್ಪತ್ರೆಗೆ ಕಳಿಸುವುದಾಗಿ ಅವರೇ ಮುಚ್ಚುಮರೆಯಿಲ್ಲದೆ ತಿಳಿಸಿದ್ದು ನನಗೆ ಹಿಡಿಸಿತು. ಭಾನುವಾರ ಲ್ಯಾಬ್ ತೆರೆದಿರುವುದಿಲ್ಲ. ಮೂರು ಸ್ಯಾಂಪಲ್ ಕೊಡಬೇಕಾದವರು ಸೋಮವಾರ ಆರಂಭಿಸಿದರೆ ಶುಕ್ರವಾರಕ್ಕೆ ಮುಗಿಯುತ್ತದೆ.