ಸಣ್ಣ ಮಕ್ಕಳ ಜೊತೆ ಝೂ: ಬಳ್ಳಾರಿಯವರಿಗೆ ಕಮಲಾಪುರವೋ, ಮೈಸೂರೋ, ದರೋಜಿಯೋ?

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮೊದಲು ಕಮಲಾಪುರಕ್ಕೆ ಹೋಗಿ. ಮೈಸೂರು ಆಮೇಲೆ ನೋಡೋಣ, ದರೋಜಿ ಅದಕ್ಕೂ ಆಮೇಲೆ. ಮೂರೂ ಕಡೆ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದಿದ್ದೇನೆ. ನಮ್ಮ ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಮೂರೂವರೆ. ಸ್ವಂತ ಕಾರಿಲ್ಲ. ಬಸ್ಸು, ರೈಲು, ಆಟೋದಲ್ಲೇ ಓಡಾಟ. ಹಾಗಾಗಿ ನನ್ನ ಲೆಕ್ಕ ಪ್ರಾಣಿ ಎಷ್ಟಿವೆ ಅಂತಲ್ಲ, ಮಕ್ಕಳು ಅಳದೆ ಎಷ್ಟು ನೋಡಿದರು ಅಂತ.

ಕಮಲಾಪುರದ್ದು ಅಟಲ್ ಬಿಹಾರಿ ವಾಜಪೇಯಿ ಜೈವಿಕ ಉದ್ಯಾನ. ಬಳ್ಳಾರಿಯಲ್ಲಿದ್ದ ಹಳೆಯ ಕಿರು ಮೃಗಾಲಯದ ಪ್ರಾಣಿಗಳನ್ನೂ ಅಲ್ಲಿಗೇ ಕಳಿಸಿದ್ದು. ನಾವು ಚಿಕ್ಕವರಿದ್ದಾಗ ಊರಲ್ಲೇ ಜಿಂಕೆ ನೋಡುತ್ತಿದ್ದೆವು, ಈಗಿನ ಮಕ್ಕಳು ಅದಕ್ಕೆ ಹೊಸಪೇಟೆ ದಾಟಬೇಕು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರೆ ಬಿಸಿಲು ಏರುವ ಮುಂಚೆ ಒಳಗಿರಬಹುದು. ಹೊಸಪೇಟೆಯಲ್ಲಿ ಇಳಿದು ಅಲ್ಲಿಂದ ಆಟೋ ಮಾಡಿಕೊಂಡರೆ ಆಯಿತು.

ಒಳಗೆ ಹೋದ ಕೂಡಲೇ ನಾವು ಸಫಾರಿ ಹತ್ತುತ್ತೇವೆ. ಇದಕ್ಕೆ ಕಾರಣ ಇದೆ. ಹುಲಿ, ಸಿಂಹ ದಿನದ ಹೆಚ್ಚು ಹೊತ್ತು ಮಲಗಿಯೇ ಇರುತ್ತವೆ. ಅವು ಎದ್ದು ಓಡಾಡುವುದು ತಂಪು ಹೊತ್ತಿನಲ್ಲಿ. ಮಧ್ಯಾಹ್ನ ಹೋದರೆ ಪೊದೆಯ ನೆರಳಲ್ಲಿ ಒಂದು ಬೆನ್ನು ಕಾಣುತ್ತದೆ, ಅಷ್ಟೇ. ಇನ್ನೊಂದು ಕಾರಣ ಮಕ್ಕಳ ಕಾಲು. ಮೊದಲು ಪಂಜರಗಳ ಕಡೆ ನಡೆಸಿ ಸುಸ್ತು ಮಾಡಿ ಆಮೇಲೆ ಬಸ್ಸಲ್ಲಿ ಕೂರಿಸಿದರೆ, ಸಿಂಹ ಬರುವ ಹೊತ್ತಿಗೆ ತೊಡೆ ಮೇಲೆ ನಿದ್ದೆ ಹೋಗಿರುತ್ತಾರೆ. ಹತ್ತುವ ಮುಂಚೆ ಬಾತ್‌ರೂಮಿಗೆ ಕರೆದುಕೊಂಡು ಹೋಗಲೇಬೇಕು, ಮಧ್ಯದಲ್ಲಿ ಇಳಿಯೋ ಹಾಗಿಲ್ಲ.

ಒಂದು ಸಲ ಹುಲಿಯೊಂದು ನಮ್ಮ ಬಸ್ಸಿಗೆ ಬೆನ್ನು ಹಾಕಿ ಕೂತಿತ್ತು. ಮುಖ ಕಾಣಲಿಲ್ಲ ಅಂತ ದೊಡ್ಡವಳು ಮುನಿಸಿಕೊಂಡಳು. ಚಿಕ್ಕವನು ಮಾತ್ರ ಅದರ ಕಿವಿಯ ಹಿಂದೆ ಬಿಳಿ ಚುಕ್ಕೆ ನೋಡಿ, "ಅಮ್ಮಾ, ಹಿಂದೇನೂ ಕಣ್ಣಿದೆ" ಅಂದ. ಹುಲಿಗಳಿಗೆ ನಿಜವಾಗಿ ಎರಡೂ ಕಿವಿಯ ಹಿಂದೆ ಅಂಥ ಚುಕ್ಕೆ ಇರುತ್ತದೆ. ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಆಮೇಲೆ ದೊಡ್ಡವಳೂ ಮುನಿಸು ಬಿಟ್ಟು ಚುಕ್ಕೆ ನೋಡತೊಡಗಿದಳು. ಮನೆಗೆ ಬಂದು ಗೋಡೆಗೆ ಒರಗಿ ಕೂತು ಇಬ್ಬರೂ ಹುಲಿ ಆಟ ಆಡಿದರು.

ಮೈಸೂರು ಝೂ ಬಗ್ಗೆ ಒಂದು ಕೆಟ್ಟ ಮಾತೂ ಆಡಲಾರೆ. 1892ರಿಂದ ಇರುವ ಮೃಗಾಲಯ, 157 ಎಕರೆ, ಮರಗಳ ನೆರಳೇ ನೆರಳು. ಜಿರಾಫೆ ಇದೆ. 2021ರಲ್ಲಿ ಜರ್ಮನಿಯಿಂದ ಗೊರಿಲ್ಲಾಗಳೂ ಬಂದಿವೆ. ಆದರೆ ನಮಗೆ ಅದು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಪ್ರಯಾಣ, ಲಾಡ್ಜು, ಊಟ, ಮತ್ತೆ ವಾಪಸು ರೈಲು. ರೈಲಲ್ಲಿ ಸರಿಯಾಗಿ ನಿದ್ದೆ ಮಾಡದ ಮಗುವನ್ನು ಅಷ್ಟು ದೊಡ್ಡ ಝೂ ಸುತ್ತಿಸುವುದು ಕಷ್ಟ. ನಮ್ಮ ಚಿಕ್ಕವನು ಅರ್ಧ ದಾರಿಯಲ್ಲೇ ಅವರಪ್ಪನ ಹೆಗಲ ಮೇಲೆ ಮಲಗಿಬಿಟ್ಟ. ಅಷ್ಟು ದೂರ ಬಂದಿದ್ದೇವಲ್ಲ, ಎಲ್ಲಾ ನೋಡಿಯೇ ಹೋಗೋಣ ಅನ್ನುವ ಆಸೆ ದೊಡ್ಡವರಿಗೆ ಇರುತ್ತದೆ. ಆ ಆಸೆಯೇ ಮಕ್ಕಳನ್ನು ಸುಸ್ತು ಮಾಡುತ್ತದೆ. ಕಮಲಾಪುರದಲ್ಲಿ ಆ ಒತ್ತಡ ಇಲ್ಲ. ಇವತ್ತು ಬಿಟ್ಟಿದ್ದನ್ನು ಇನ್ನೊಂದು ಭಾನುವಾರ ನೋಡಿದರಾಯಿತು. ಮೈಸೂರಿಗೆ ಹೋಗುವವರು ಮಂಗಳವಾರ ರಜೆ ಅನ್ನುವುದು ನೆನಪಿಟ್ಟುಕೊಳ್ಳಿ.

ಈಗ ದರೋಜಿ. 1994ರಲ್ಲಿ ಕರಡಿಗಳಿಗಾಗಿಯೇ ಮಾಡಿದ ಧಾಮ, ನಮ್ಮ ಸೀಮೆಯ ಹೆಮ್ಮೆ. ಬಂಡೆಗಳ ಮೇಲೆ ಬೆಲ್ಲದ ಪಾಕದಂಥದ್ದನ್ನು ಸವರಿರುತ್ತಾರೆ. ಮಧ್ಯಾಹ್ನದ ಮೇಲೆ ಕರಡಿಗಳು ಅದನ್ನು ನೆಕ್ಕಲು ಬರುತ್ತವೆ. ನಾವು ವೀಕ್ಷಣಾ ಗೋಪುರದ ಮೇಲೆ ನಿಂತು ನೋಡಬೇಕು. ಪಂಜರ ಇಲ್ಲ, ಬೇಲಿ ಇಲ್ಲ, ಕಾಡಿನ ಕರಡಿ ತನ್ನ ಪಾಡಿಗೆ ಬಂದು ಹೋಗುವುದು. ದೊಡ್ಡವರಿಗೆ ಇದಕ್ಕಿಂತ ಚೆಂದದ ಜಾಗ ಬೇರೆ ಇಲ್ಲ.

ತೊಂದರೆ ಏನೆಂದರೆ ಬಂಡೆ ದೂರ. ಬರಿಗಣ್ಣಿಗೆ ಕರಿ ಚುಕ್ಕೆ ಅಲ್ಲಾಡಿದ ಹಾಗೆ ಕಾಣುತ್ತದೆ. ಅದಕ್ಕೇ ಅಂತ ಬೈನಾಕ್ಯುಲರ್ ಕೊಂಡಿದ್ದೆವು, 10x50ರದ್ದು. ಮೊದಲನೇ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ನನ್ನ ಕಣ್ಣಿಗೆ ಬಹಳ ಚೆನ್ನಾಗಿತ್ತು. ಕರಡಿಯ ಉಗುರು ಕೂಡ ಕಾಣುತ್ತಿತ್ತು.

ಮಕ್ಕಳಿಗೆ ಏನೂ ಕಾಣಲಿಲ್ಲ. ದೊಡ್ಡವರ ಬೈನಾಕ್ಯುಲರನ್ನು ಎಷ್ಟು ಮಡಚಿದರೂ ಎರಡು ಕೊಳವೆಗಳ ನಡುವಿನ ಅಂತರ ಒಂದು ಹಂತಕ್ಕಿಂತ ಕಡಿಮೆ ಆಗುವುದಿಲ್ಲ. ಸಣ್ಣ ಮಕ್ಕಳ ಕಣ್ಣುಗಳು ಅದಕ್ಕಿಂತ ಹತ್ತಿರ ಇರುತ್ತವೆ. ಒಂದು ಕಣ್ಣಿಗೆ ಸರಿಹೋದರೆ ಇನ್ನೊಂದಕ್ಕೆ ಬರೀ ಕತ್ತಲೆ. ಒಂದೇ ಕಣ್ಣು ಮುಚ್ಚು ಅಂದರೆ ಚಿಕ್ಕವನು ಎರಡೂ ಮುಚ್ಚುತ್ತಾನೆ. ದೊಡ್ಡವಳು ಒಂದು ಕಣ್ಣಿಟ್ಟು ನೋಡಿದಳು, ಆದರೆ ಅದರ ಭಾರಕ್ಕೆ ಅವಳ ಕೈ ನಡುಗುತ್ತಿತ್ತು. ಹತ್ತು ಪಟ್ಟು ದೊಡ್ಡದು ಮಾಡಿದರೆ ಕೈ ನಡುಕವೂ ಹತ್ತು ಪಟ್ಟು ಅಲ್ವಾ? ಬಂಡೆ, ಆಕಾಶ, ಮುಳ್ಳುಕಂಟಿ ಎಲ್ಲಾ ಓಡಿ ಹೋಗುತ್ತವೆ, ಕರಡಿ ಮಾತ್ರ ಸಿಗುವುದಿಲ್ಲ.

ಇದರ ಮೇಲೆ ಸದ್ದು ಮಾಡೋ ಹಾಗಿಲ್ಲ. ಸದ್ದಾದರೆ ಕರಡಿ ಬರಲ್ಲ, ಪಕ್ಕದಲ್ಲಿ ಕ್ಯಾಮೆರಾ ಹಿಡಿದು ಕಾದವರಿಗೂ ಅನ್ಯಾಯ. ಮೂರೂವರೆ ವರ್ಷದ ಮಗುವಿಗೆ "ಶ್, ಸುಮ್ನಿರು" ಅಂತ ಎಷ್ಟು ಹೊತ್ತು ಹೇಳಲು ಸಾಧ್ಯ? ಅಷ್ಟರಲ್ಲಿ ತಾಯಿ ಕರಡಿಯೊಂದು ಮರಿಯನ್ನು ಬೆನ್ನ ಮೇಲೆ ಹೊತ್ತು ಬಂತು. ಈ ಜಾತಿಯ ಕರಡಿಗಳು ಮರಿಗಳನ್ನು ಹಾಗೇ ಹೊತ್ತು ತಿರುಗುವುದು. ನನ್ನ ಎದೆ ತುಂಬಿ ಬಂತು. ಪಕ್ಕದಲ್ಲಿದ್ದ ನನ್ನ ಮಕ್ಕಳಿಗೆ ಅದು ಕಾಣಲಿಲ್ಲ ಅನ್ನುವುದು ಇವತ್ತಿಗೂ ಬೇಜಾರು.

ಕೊನೆಗೆ ಸಿಕ್ಕ ದಾರಿ ಇದು: ಬೈನಾಕ್ಯುಲರನ್ನು ಕಟಕಟೆಯ ಮೇಲೆ ಒತ್ತಿ ಹಿಡಿದು, ಒಂದು ಕೊಳವೆಗೆ ಮೊಬೈಲ್ ಕ್ಯಾಮೆರಾ ಇಟ್ಟು ಸ್ವಲ್ಪ ಸ್ವಲ್ಪ ಸರಿಸಿದರೆ ಪರದೆಯ ಮೇಲೆ ಕರಡಿ ಬರುತ್ತದೆ. ಇಬ್ಬರೂ ಪರದೆ ನೋಡಿದರು. ಆದರೆ ಪರದೆ ಮೇಲಿನ ಕರಡಿ ಮನೆಯಲ್ಲೂ ಸಿಗುತ್ತದೆ. ಮಕ್ಕಳಿಗಾಗಿಯೇ ಕೊಳ್ಳುವುದಾದರೆ 10ರದ್ದು ಬೇಡ, 6 ಅಥವಾ 8ರ ಹಗುರವಾದದ್ದು ನೋಡಿ, ಅಂಗಡಿಯಲ್ಲೇ ಮಗುವಿನ ಕಣ್ಣಿಗೆ ಇಟ್ಟು ನೋಡಿ.

ಖರ್ಚಿನಲ್ಲಿ ಮೈಸೂರು ಎಲ್ಲಕ್ಕಿಂತ ಜಾಸ್ತಿ. ದರೋಜಿಗೆ ಬಾಡಿಗೆ ಗಾಡಿ ಬೇಕೇ ಬೇಕು, ಹಾಗಾಗಿ ಅದೂ ಅಗ್ಗವಲ್ಲ. ಕಮಲಾಪುರಕ್ಕೆ ಬುತ್ತಿ ಕಟ್ಟಿಕೊಂಡು ಹೋದರೆ ಬಸ್ಸು, ಆಟೋ, ಟಿಕೆಟ್ಟು, ಇಷ್ಟರಲ್ಲೇ ಮುಗಿಯುತ್ತದೆ. ನಾವು ಚಿತ್ರಾನ್ನ, ಮೊಸರನ್ನ ಸ್ಟೀಲ್ ಡಬ್ಬಿಯಲ್ಲಿ ಒಯ್ದು, ನೋಡುವುದೆಲ್ಲ ಮುಗಿದ ಮೇಲೆ ಹೊರಗೆ ಮರದ ಕೆಳಗೆ ಕೂತು ತಿನ್ನುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಅಲ್ಲಿಗೂ ಬೇಡ. ನಮ್ಮ ಕಡೆಯ ಬಿಸಿಲು ಮಕ್ಕಳಿಗೂ ಆಗಲ್ಲ, ಪ್ರಾಣಿಗಳೂ ಹೊರಗೆ ಬರಲ್ಲ. ನವೆಂಬರಿನಿಂದ ಜನವರಿವರೆಗೆ ಒಳ್ಳೆ ಹೊತ್ತು.

ನಿಮ್ಮ ಮಗು ಎಂಟು ದಾಟಿದ್ದರೆ, ಒಂದು ಗಂಟೆ ಸುಮ್ಮನೆ ಕಾಯಬಲ್ಲದಾದರೆ, ನನ್ನ ಮಾತು ಬಿಟ್ಟು ದರೋಜಿಗೇ ಕರೆದುಕೊಂಡು ಹೋಗಿ. ಆ ವಯಸ್ಸಿನ ಮಕ್ಕಳಿಗೆ ಮೈಸೂರೂ ಚೆನ್ನ, ಎರಡು ದಿನ ರಜೆ ಇದ್ದರೆ. ನಾವು ಈ ಚಳಿಗಾಲಕ್ಕೆ ಮತ್ತೆ ಕಮಲಾಪುರಕ್ಕೇ ಹೋಗುವವರು.