‘ಅಬೋವ್’ ಬರೆಯಬೇಕೋ, ‘ಅರ್ಲಿಯರ್’ ಬರೆಯಬೇಕೋ?

ವಿಜಯಪುರದಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ಹುಡುಗ ಹುಡುಗಿಯರ ಇಂಗ್ಲಿಷ್ ಪತ್ರಗಳನ್ನು ನಾನು ಆಗಾಗ ತಿದ್ದಿಕೊಡುತ್ತೇನೆ. ಹಿಂದೆ ಹೇಳಿದ್ದನ್ನು ಮತ್ತೆ ನೆನಪಿಸುವ ಜಾಗದಲ್ಲೇ ತಪ್ಪು ಜಾಸ್ತಿ.

‘ಆ್ಯಸ್ ಮೆನ್ಷನ್ಡ್ ಅಬೋವ್’ ಬರವಣಿಗೆಗೆ ಮಾತ್ರ. ಹಾಳೆಯ ಮೇಲ್ಭಾಗ ಕಣ್ಣಿಗೆ ಕಾಣುತ್ತದೆ, ಅಲ್ವಾ? ಸಂದರ್ಶನದಲ್ಲಿ ಮಾತಾಡುವಾಗ ‘ಆ್ಯಸ್ ಐ ಸೆಡ್ ಅರ್ಲಿಯರ್’ ಅನ್ನಿ. ‘ಅರ್ಲಿಯರ್’ ಪತ್ರದಲ್ಲೂ ನಡೆಯುತ್ತದೆ. ಗೊಂದಲವಾದರೆ ಅದನ್ನೇ ಹಿಡಿಯಿರಿ.

‘ದ ಫಾರ್ಮರ್’, ‘ದ ಲ್ಯಾಟರ್’ ಜೋಡಿಯ ಲೆಕ್ಕ ಬೇರೆ. ಎರಡೇ ಸಂಗತಿ ಇದ್ದಾಗ ಮೊದಲನೆಯದಕ್ಕೆ ‘ಫಾರ್ಮರ್’, ಎರಡನೆಯದಕ್ಕೆ ‘ಲ್ಯಾಟರ್’. ಬಾದಾಮಿ, ಪಟ್ಟದಕಲ್ಲು ಎಂದು ಬರೆದು, ‘ದ ಲ್ಯಾಟರ್’ 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿತು ಅಂದರೆ ಅದು ಪಟ್ಟದಕಲ್ಲು. ಐಹೊಳೆಯನ್ನೂ ಸೇರಿಸಿ ಮೂರು ಮಾಡಿದಿರೋ, ‘ಲ್ಯಾಟರ್’ ಕೆಲಸಕ್ಕೆ ಬರಲ್ಲ. ಆಗ ‘ದ ಲಾಸ್ಟ್’ ಬೇಕು. ಇನ್ನೊಂದು ಮಾತು: ‘ಲ್ಯಾಟರ್’ಗೆ ಎರಡು ‘ಟಿ’. ಒಂದೇ ಹಾಕಿದರೆ ಅದು ‘ಲೇಟರ್’, ಅಂದರೆ ಆಮೇಲೆ. ನನ್ನನ್ನು ಕೇಳಿದರೆ, ಊರಿನ ಹೆಸರನ್ನೇ ಇನ್ನೊಮ್ಮೆ ಬರೆಯುವುದು ಒಳ್ಳೆಯದು. ಓದುವವರು ಹಿಂದಕ್ಕೆ ಹೋಗಿ ಹುಡುಕಬೇಕಿಲ್ಲ.

‘ಕೈಂಡ್ಲಿ ಅಪ್ರೂವ್ ದ ಸೇಮ್’ ನಮ್ಮ ಕಚೇರಿ ಪತ್ರಗಳ ಹಳೆಯ ರೂಢಿ. ತಪ್ಪೇನಲ್ಲ, ಆದರೆ ಬಿಗಿ ಅನಿಸುತ್ತದೆ. ‘ದ ಸೇಮ್’ ಬದಲು ‘ಇಟ್’ ಸಾಕು. ‘ದ ಸೆಡ್’, ಅಂದರೆ ‘ಮೇಲೆ ಹೇಳಿದ’, ಖರೀದಿ ಪತ್ರ, ಕೋರ್ಟ್ ಕಾಗದಗಳಲ್ಲಿ ಇರಲಿ.

‘ದಿಸ್’ ಕೂಡ ಚೆನ್ನಾಗಿದೆ. ಸುಮ್ನೆ ‘ದಿಸ್’ ಅಂತ ಬಿಡಬೇಡಿ, ಪಕ್ಕದಲ್ಲಿ ಒಂದು ಹೆಸರು ಕೂಡಿಸಿ: ‘ದಿಸ್ ಡಿಲೇ’, ‘ದಿಸ್ ರಿಕ್ವೆಸ್ಟ್’.