ತಿರುವಣ್ಣಾಮಲೈ ರಮಣಾಶ್ರಮ: ಹೋಗಿ, ಆದರೆ ಒಬ್ಬರೇ ಹೋಗಿ

ಇಲ್ಲಿ ಕೋರ್ಸ್ ಇಲ್ಲ, ದೀಕ್ಷೆ ಇಲ್ಲ. ರಮಣ ಮಹರ್ಷಿಗಳು 1950ರಲ್ಲಿ ತೀರಿಕೊಂಡ ಮೇಲೆ ಅವರ ಜಾಗದಲ್ಲಿ ಬೇರೆ ಗುರು ಕೂತಿಲ್ಲ. ನನಗೆ ಈ ಆಶ್ರಮ ಇಷ್ಟವಾಗುವುದೇ ಅದಕ್ಕೆ. ‘ನಾನು ಯಾರು’ ಅಂತ ಕೇಳಿಕೊಳ್ಳಲು ಬಂದವರನ್ನು ಅವರ ಪಾಡಿಗೆ ಬಿಡುತ್ತಾರೆ.

ಹಳೇ ಹಾಲ್‌ನಲ್ಲಿ ಮಹರ್ಷಿಗಳ ಸೋಫಾ ಹಾಗೇ ಇದೆ, ಅದರ ಮೇಲೆ ಅವರ ಚಿತ್ರ. ಮುಂದೆ ಸುಮ್ನೆ ಕೂರುವುದು, ಅಷ್ಟೇ. ಮೊದಲು ತಲೆಯಲ್ಲಿ ಆಫೀಸು, ಇಎಂಐ, ಮನೆ ಜಗಳ ಎಲ್ಲ ಓಡುತ್ತದೆ, ಪಕ್ಕದವರು ಕೆಮ್ಮಿದರೂ ಸಿಟ್ಟು ಬರುತ್ತದೆ, ಆಮೇಲೆ ಆ ಸಿಟ್ಟು ಬಂದದ್ದು ಯಾರಿಗೆ ಅಂತ ಒಳಗೆ ತಿರುಗಿ ನೋಡಿದರೆ ಸಿಟ್ಟೇ ಸಡಿಲವಾಗುತ್ತದೆ. ಮಹರ್ಷಿಗಳು ಹೇಳಿಕೊಟ್ಟ ದಾರಿಯೇ ಇದು, ಅಲ್ವಾ? ಪುಸ್ತಕ ಓದಿ ನನಗೆ ಇಷ್ಟು ಹಿಡಿತಕ್ಕೆ ಸಿಕ್ಕಿರಲಿಲ್ಲ.

ಆಶ್ರಮದ ಹಿಂದಿನಿಂದ ಅರುಣಾಚಲ ಬೆಟ್ಟಕ್ಕೆ ಕಲ್ಲು ಹಾಸಿದ ದಾರಿಯಿದೆ. ಹತ್ತಿದರೆ ಮಹರ್ಷಿಗಳು ಕೆಲ ವರ್ಷ ಇದ್ದ ಸ್ಕಂದಾಶ್ರಮ, ಅಲ್ಲಿಂದ ಕೆಳಗಿಳಿದರೆ ವಿರೂಪಾಕ್ಷ ಗುಹೆ. 1899ರಿಂದ 1916ರವರೆಗೆ ಅವರು ಇದ್ದದ್ದು ಈ ಗುಹೆಯಲ್ಲೇ. ಒಳಗೆ ಸೆಕೆ ಜಾಸ್ತಿ, ಬೆನ್ನ ಮೇಲೆ ಬೆವರು ಇಳಿಯುತ್ತದೆ, ಆದರೂ ಏಳಲು ಮನಸ್ಸೇ ಬರುವುದಿಲ್ಲ. ಬೆಳಗ್ಗೆ ಬೇಗ ಹೊರಡಿ, ಬಿಸಿಲೇರಿದರೆ ಬಂಡೆ ಕಾದುಬಿಡುತ್ತದೆ.

ಊಟ ಸರಳ, ನೆಲದ ಮೇಲೆ ಕೂತು ಎಲೆಯಲ್ಲಿ. ರೂಮಿಗೆ ಬಾಡಿಗೆ ಕೇಳುವುದಿಲ್ಲ, ಕೈಲಾದಷ್ಟು ಕಾಣಿಕೆ ಕೊಡಬಹುದು. ಆದರೆ ಮುಂಚೆಯೇ ಬರೆದು ಕೇಳಿಕೊಳ್ಳಬೇಕು. ಹುಣ್ಣಿಮೆಗೆ ಮಾತ್ರ ಬೇಡ. 14 ಕಿಲೋಮೀಟರ್ ಗಿರಿ ಪ್ರದಕ್ಷಿಣೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ, ಏಕಾಂತ ಸಿಗುವುದಿಲ್ಲ.